ಹನ್ನೊಂದು ವರ್ಷದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಕೇ? (ಚರ್ಚೆ)

ಕುಂಬಳೆ ಗಣಕಪ್ರಿಯ: ನನ್ನ ಲ್ಯಾಪ್‌ಟಾಪ್ 2015ರದ್ದು. ಐದನೆಯ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ್ಯಾಮ್, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಆಮೇಲೆ ಹಾಕಿಸಿದ 256 ಜಿಬಿಯ ಎಸ್‌ಎಸ್‌ಡಿ. ತುಲಾ ತಿಂಗಳ ಸಿಡಿಲಿಗೆ ಎರಡು ಮೋಡೆಮ್ ಸುಟ್ಟುಹೋದ ಮನೆಯಲ್ಲಿ ಇದೊಂದು ಮಾತ್ರ ಅಲುಗದೆ ಉಳಿದಿದೆ. ಆದರೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು, ಇಂಟೆಲ್ ಪ್ರೊಸೆಸರ್ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಅದರ ಮೇಲಿನದೋ ಆಗಿರಬೇಕು. ಪೇಟೆಯ ಅಂಗಡಿಯವರು ಕೈಯಲ್ಲಿ ಹಿಡಿದು ನೋಡುವ ಮೊದಲೇ "ಗುಜರಿಗೆ ಹಾಕಿ" ಎಂದರು. ನಾನು ಮನೆಗೆ ಬಂದು ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಬಿಟ್ಟಿ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದೆ. ಅಡಿಕೆಯ ಲೆಕ್ಕ, ಬ್ಯಾಂಕಿನ ಕೆಲಸ, ಯಕ್ಷಗಾನದ ವಿಡಿಯೋ, ಕನ್ನಡ ಬರವಣಿಗೆ, ಸಂಜೆಗೊಂದು ಆಟ, ಎಲ್ಲವೂ ನಡೆಯುತ್ತಿದೆ. ಮನೆಬಳಕೆಗೆಂದು ಈಗ ಹೊಸ ಕಂಪ್ಯೂಟರ್ ಕೊಳ್ಳುವುದು ದುಂದುವೆಚ್ಚ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲವೆನ್ನುವವರು ಕಾರಣ ಕೊಡಲಿ.

ಉಪ್ಪಳ ಆಟಗಾರ: "ಸಂಜೆಗೊಂದು ಆಟ" ಎಂದು ಬಹಳ ಸುಲಭವಾಗಿ ಬರೆದುಬಿಟ್ಟಿರಿ, ಅಣ್ಣ. ಯಾವ ಆಟ? 1989ರ ಪ್ರಿನ್ಸ್ ಆಫ್ ಪರ್ಷಿಯಾ ಆಗಿದ್ದರೆ ನನ್ನ ತಕರಾರಿಲ್ಲ. ನಾನೂ ನನ್ನ ಗೆಳೆಯರೂ ಆಡುವುದು ವ್ಯಾಲೊರಂಟ್. ಅದರ ಮೋಸತಡೆ ತಂತ್ರಾಂಶವಾದ ವ್ಯಾನ್‌ಗಾರ್ಡ್ ಕಾರ್ಯಾಚರಣ ವ್ಯವಸ್ಥೆಯ ತಿರುಳಿನೊಳಗೇ ಕುಳಿತುಕೊಳ್ಳುವಂಥದ್ದು, ಲಿನಕ್ಸಿನಲ್ಲಿ ಅದು ನಡೆಯುವುದೇ ಇಲ್ಲ. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರಿನಲ್ಲಿ ಲಿನಕ್ಸಿಗೆ ಬಾಗಿಲು ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಟಿಎ 5ಕ್ಕೆ ಬ್ಯಾಟಲ್‌ಐ ಎಂಬ ಮೋಸತಡೆ ತಂತ್ರಾಂಶ ಸೇರಿಸಿದ ಮೇಲೆ ಅದರ ಆನ್‌ಲೈನ್ ಭಾಗವೂ ಲಿನಕ್ಸಿನಿಂದ ನಡೆಯುವ ಕೈಯಾಟದ ಯಂತ್ರವಾದ ಸ್ಟೀಮ್ ಡೆಕ್‌ನಲ್ಲಿ ಕೆಲಸ ಮಾಡದಾಯಿತು. ನಾಲ್ವರು ಸೇರಿ ಆಡಲಾಗದ ಯಂತ್ರದಲ್ಲಿ ಎಲ್ಲವೂ ನಡೆಯುತ್ತದೆ ಎನ್ನುವುದು ಅಂಗಳವಿಲ್ಲದ ಮನೆಗೆ ಬಯಲಾಟ ಕರೆಸಿದ ಹಾಗೆ.

ಕುಂಬಳೆ ಗಣಕಪ್ರಿಯ: ಮೂರು ಆಟಗಳ ಹೆಸರು ಹೇಳಿ ಸಾವಿರಾರು ಆಟಗಳನ್ನು ಮುಚ್ಚಿಹಾಕುವ ಜಾಣತನ ಚೆನ್ನಾಗಿದೆ. ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ಹೊಂದಾಣಿಕೆಯ ಪದರವನ್ನು ಬಿಡುಗಡೆ ಮಾಡಿದ ಮೇಲೆ, ವಿಂಡೋಸಿಗೆಂದು ಬರೆದ ಆಟಗಳು ಲಿನಕ್ಸಿನಲ್ಲಿ ನಡೆಯುವುದು ಯಾರಿಗೂ ಸೋಜಿಗವಾಗಿ ಉಳಿದಿಲ್ಲ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಇಡೀ ಉಪಕರಣ ನಿಂತಿರುವುದು ಅದರ ಮೇಲೆಯೇ. ಇನ್ನು ನಿಮ್ಮ ವ್ಯಾನ್‌ಗಾರ್ಡ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಕಾವಲು ಇಲ್ಲದಿದ್ದರೆ ನಿಮ್ಮನ್ನೂ ಒಳಗೆ ಬಿಡುವುದಿಲ್ಲ. ಒಂದು ಆಟ ಆಡಲು ಮನೆಯ ಬೀಗದ ಕೈಯನ್ನೇ ಕೊಡುವವರು ನನಗೆ ಅಂಗಳದ ಪಾಠ ಹೇಳಬೇಕಾಗಿಲ್ಲ.

ಬದಿಯಡ್ಕ ಅಚ್ಚುಮೊಳೆ: ಆಟದ ವಿಚಾರ ಮಕ್ಕಳಿಗಿರಲಿ. "ಕನ್ನಡ ಬರವಣಿಗೆಯೂ ನಡೆಯುತ್ತಿದೆ" ಎಂದವರು ತಮ್ಮ ಮೊದಲ ಪರಿಚ್ಛೇದದ ಎರಡನೆಯ ವಾಕ್ಯವನ್ನು ತಾವೇ ಒಮ್ಮೆ ಓದಬೇಕು. ತಾವು ಬರೆದಿರುವುದು "ರ್ಯಾಮ್". ಪದದ ಮೊದಲಲ್ಲಿ ಯಕಾರ, ಅದರ ಬಾಲಕ್ಕೆ ಅರ್ಕಾವೊತ್ತು! ಇಪ್ಪತ್ತೆರಡು ವರ್ಷಗಳಿಂದ ಅಕ್ಷರ ಜೋಡಿಸಿ ಹೊಟ್ಟೆ ಹೊರೆಯುತ್ತಿರುವ ನಾನು ಇಂಥದ್ದನ್ನು ಅಚ್ಚಿಗೆ ಕಳುಹಿಸಿದರೆ ಗಿರಾಕಿ ಕಾಗದವನ್ನು ಮುಖಕ್ಕೆ ಎಸೆದು ಹೋಗುತ್ತಾನೆ. ಬೇಕಾದದ್ದು "ರ‍್ಯಾಮ್". ರಕಾರ ಮೇಲೆ, ಯಕಾರದ ಒತ್ತು ಕೆಳಗೆ. ತಮ್ಮ ಲಿನಕ್ಸಿಗೆ ತನ್ನದೇ ನೆನಪಿನ ಹೆಸರನ್ನು ಬರೆಯಲು ಬಾರದು.

ಕುಂಬಳೆ ಗಣಕಪ್ರಿಯ: ಅದು ಲಿನಕ್ಸಿನ ದೋಷವಲ್ಲ, ಫಾಂಟಿನ ದೋಷ.

ನೀರ್ಚಾಲು ಮಾಷ್ಟ್ರು: ಫಾಂಟಿನ ದೋಷವೂ ಅಲ್ಲ, ಲಿನಕ್ಸಿನ ದೋಷವೂ ಅಲ್ಲ, ಟೈಪ್ ಮಾಡಿದವರ ದೋಷ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ಅರ್ಕಾವೊತ್ತಿಗೆ ಪ್ರತ್ಯೇಕ ಸ್ಥಾನವಿಲ್ಲ. ರಕಾರ, ಹಲಂತ, ವ್ಯಂಜನ ಎಂಬ ಕ್ರಮದಲ್ಲಿ ಸಂಕೇತಗಳು ಬಂದರೆ ಪರದೆಯ ಮೇಲೆ ಅರ್ಕಾವೊತ್ತು ತಾನಾಗಿ ಮೂಡುತ್ತದೆ, ಆದುದರಿಂದಲೇ ಸೂರ್ಯ, ಕಾರ್ಯ, ಧೈರ್ಯ ಎಂದು ನಾವು ಯೋಚಿಸದೆಯೇ ಬರೆಯುತ್ತೇವೆ. ಅರ್ಕಾವೊತ್ತು ಬೇಡವಾದಲ್ಲಿ ರಕಾರದ ಬಳಿಕ ಶೂನ್ಯ ಅಗಲದ ಜೋಡಕ ಎಂಬ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸಬೇಕು. ಗಣಕಪ್ರಿಯರು ಅದನ್ನು ಸೇರಿಸಿಲ್ಲ. ಅಷ್ಟೇ. ಅಂದಹಾಗೆ, ಕೇರಳದ ಶಾಲೆಗಳಲ್ಲಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಮಕ್ಕಳು ಕಲಿಯುತ್ತಿರುವುದು ಲಿನಕ್ಸನ್ನೇ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರದ ಕೈಟ್ ಸಂಸ್ಥೆ ಕೊಡುವ ಈಗಿನ ವ್ಯವಸ್ಥೆ ಉಬುಂಟು ಎಂಬ ಲಿನಕ್ಸನ್ನು ಆಧರಿಸಿದ್ದು, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ (ಕಂಪ್ಯೂಟರ್) ಪಠ್ಯವೂ ಕನ್ನಡದಲ್ಲೇ ಇದೆ. ಆದುದರಿಂದ ಲಿನಕ್ಸಿಗೆ ಕನ್ನಡ ಬಾರದು ಎಂಬ ಮಾತನ್ನು ಗಡಿಯ ಆಚೆಯವರು ಆಡಿದರೆ ಕ್ಷಮಿಸಬಹುದು, ಬದಿಯಡ್ಕದವರು ಆಡಬಾರದು.

ಪೆರ್ಲ–ಬೆಂಗಳೂರು: ಎರಡು ಮಾತು. ಮೊದಲನೆಯದು, ವಿಂಡೋಸ್ 10ರ ಬೆಂಬಲ ನಿಂತಿತು ಎಂಬುದು ಅರ್ಧಸತ್ಯ. ಮನೆಬಳಕೆದಾರರಿಗೂ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳನ್ನು ಪಡೆಯುವ ವಿಸ್ತರಣೆಯ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ತಂದಿದೆ. 30 ಡಾಲರ್ ಕೊಟ್ಟು ಸೇರಬಹುದು, ಸೆಟ್ಟಿಂಗುಗಳನ್ನು ಅವರ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣವೂ ಬೇಡ. ಎರಡನೆಯದು, ರ್ಯಾಮ್ ಎಂದರೂ ರ‍್ಯಾಮ್ ಎಂದರೂ ಉಚ್ಚಾರ ಒಂದೇ. ಜಗತ್ತು ಕೃತಕ ಬುದ್ಧಿಮತ್ತೆಯ ಚಿಪ್ಪುಗಳ ಬಗ್ಗೆ ಮಾತನಾಡುತ್ತಿರುವಾಗ ಒಂದು ಒತ್ತು ಮೇಲೋ ಕೆಳಗೋ ಎಂದು ಜಗಳವಾಡುವುದು ನಗೆಪಾಟಲು.

ಬದಿಯಡ್ಕ ಅಚ್ಚುಮೊಳೆ: "ಉಚ್ಚಾರ ಒಂದೇ" ಎಂಬ ಈ ಮಾತನ್ನು ಕೇಳಿಯೇ ನನಗೆ ಬೆಂಗಳೂರಿನ ಅಂಗಡಿ ಫಲಕಗಳ ಮರ್ಮ ತಿಳಿಯಿತು. ಊರು ಬಿಟ್ಟ ಮೇಲೆ ಅಕ್ಷರವನ್ನೂ ಬಿಟ್ಟಿರಾ? ಉಚ್ಚಾರ ಒಂದೇ ಆದರೆ ಕನ್ನಡವನ್ನು ಮಲಯಾಳ ಲಿಪಿಯಲ್ಲೂ ಬರೆಯಬಹುದು. ಅದನ್ನು ಒಪ್ಪಿಕೊಳ್ಳುವುದಾದರೆ ನಮ್ಮ ಹಿರಿಯರು ಈ ಕಾಸರಗೋಡಿನಲ್ಲಿ ಇಷ್ಟು ವರ್ಷ ಯಾವುದಕ್ಕಾಗಿ ಬೀದಿಗಿಳಿದರು?

ಪೆರ್ಲ–ಬೆಂಗಳೂರು: ಒಂದು ಅರ್ಕಾವೊತ್ತಿನಿಂದ ಗಡಿ ವಿವಾದಕ್ಕೆ ಹಾರಿದ ನಿಮ್ಮ ವೇಗವನ್ನು ಯಾವ ಪ್ರೊಸೆಸರೂ ಸರಿಗಟ್ಟಲಾರದು. ವಿಸ್ತರಣೆಯ ಯೋಜನೆಯ ಬಗ್ಗೆ ಯಾರೂ ಉತ್ತರಿಸಲಿಲ್ಲ ಎಂಬುದನ್ನು ಗಮನಿಸಿದ್ದೇನೆ.

ನೀರ್ಚಾಲು ಮಾಷ್ಟ್ರು: ಪೆರ್ಲದವರು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಪದದ ಮೊದಲ ಅಕ್ಷರಕ್ಕೇ ಅರ್ಕಾವೊತ್ತು ಬರುವ ಒಂದೇ ಒಂದು ಕನ್ನಡ ಪದವನ್ನು ತೋರಿಸಿ. ಇನ್ನು ಇದು ಬರಿಯ ಅಂದಚಂದದ ಪ್ರಶ್ನೆಯೂ ಅಲ್ಲ. ಜೋಡಕ ಇರುವ ಪದವೂ ಇಲ್ಲದ ಪದವೂ ಯಂತ್ರದ ಲೆಕ್ಕದಲ್ಲಿ ಎರಡು ಬೇರೆ ಬೇರೆ ಸಂಕೇತಮಾಲೆಗಳು. ಅನೇಕ ತಂತ್ರಾಂಶಗಳಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕುವುದಿಲ್ಲ. ಮಕ್ಕಳ ಅಂಕಪಟ್ಟಿಯಲ್ಲಿ "ರ‍್ಯಾಂಕ್" ಎಂದು ಹುಡುಕಿ, "ರ್ಯಾಂಕ್" ಎಂದು ಬರೆದಿದ್ದ ಪುಟಗಳೆಲ್ಲ ತಪ್ಪಿಹೋಗಿ, ಒಂದು ಸಂಜೆಯನ್ನು ಕಳೆದುಕೊಂಡವನು ನಾನು.

ಕುಂಬಳೆ ಗಣಕಪ್ರಿಯ: "ಟೈಪ್ ಮಾಡಿದವರ ದೋಷ" ಎಂದ ಮಾಷ್ಟ್ರಿಗೆ ನಮಸ್ಕಾರ. ಆದರೆ ಅಚ್ಚುಮೊಳೆಯವರೇ, ತಾವು ಅಂಗಡಿಯಲ್ಲಿ ಬಳಸುವ, ಯೂನಿಕೋಡ್ ಅಲ್ಲದ ಹಳೆಯ ಪದ್ಧತಿಯಲ್ಲಿ ಜೋಡಿಸಿದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣಿಸುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಏಕೆಂದರೆ ಅಲ್ಲಿ ಶೇಖರವಾಗಿರುವುದು ಕನ್ನಡವೇ ಅಲ್ಲ. ಎಂಟು ಬಿಟ್ಟಿನ 256 ಜಾಗಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎಬ್ಬಿಸಿ, ಅಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ವೇಷ ಅದು. ಚೌಕಿಯಲ್ಲಿ ಬಣ್ಣ ಒರೆಸಿದರೆ ಒಳಗಿರುವವನು ಬೇರೆಯವನೇ. ನನ್ನ ಒಂದು ಪದದ ಒತ್ತು ತಪ್ಪಿದೆ. ತಮ್ಮದು ಇಡೀ ಕಡತವೇ ತಪ್ಪು.

ಬದಿಯಡ್ಕ ಅಚ್ಚುಮೊಳೆ: ವೇಷವೇ? 2004ರಲ್ಲಿ ಉಪನಯನದ ಹೇಳಿಕೆ ಕಾಗದ ಮಾಡಿಕೊಟ್ಟ ಮನೆಯವರು ಕಳೆದ ವರ್ಷ ಅದೇ ಹುಡುಗನ ಮದುವೆಗೆಂದು ಬಂದಾಗ, ಹಳೆಯ ಸಿ.ಡಿ. ಹುಡುಕಿ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಅದೇ ಕಡತವನ್ನು ತೆರೆದು, ಬಂಧುಗಳ ಹೆಸರಿನ ಸಾಲುಗಳನ್ನು ತಿದ್ದಿ, ಅರ್ಧ ಗಂಟೆಯಲ್ಲಿ ಕರಡು ಕೊಟ್ಟವನು ನಾನು. ಒಂದು ಒತ್ತೂ ಸ್ಥಳ ಬಿಟ್ಟು ಕದಲಿರಲಿಲ್ಲ. ತಮ್ಮ ಯೂನಿಕೋಡನ್ನು ಆ ಪೇಜ್‌ಮೇಕರ್ ತಿಳಿಯುವುದೇ ಇಲ್ಲ. ಅದರ ಕೊನೆಯ ದೊಡ್ಡ ಆವೃತ್ತಿಯಾದ 7 ಬಂದದ್ದು 2001ರಲ್ಲಿ, ಬಳಿಕ ಅಡೋಬಿಯವರು ಇನ್‌ಡಿಸೈನ್ ಕಡೆಗೆ ತಿರುಗಿದರು. ತಿಂಗಳು ತಿಂಗಳು ಬಾಡಿಗೆ ಕಟ್ಟಿ ಇನ್‌ಡಿಸೈನ್ ಇಟ್ಟುಕೊಳ್ಳಲು ನನ್ನದು ಬೆಂಗಳೂರಿನ ಸಂಬಳವಲ್ಲ. ಲಿನಕ್ಸ್ ಹಾಕಿದ ದಿನ ನನ್ನ ಇಪ್ಪತ್ತೆರಡು ವರ್ಷದ ಕಡತಗಳೆಲ್ಲ ಬೂದಿ. ಆ ಬೂದಿಯನ್ನು ಯಾರ ತೋಟಕ್ಕೆ ಹಾಕಲಿ?

ಕುಂಬಳೆ ಗಣಕಪ್ರಿಯ: ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ತಂತ್ರಾಂಶವಿದೆ, 1993ರಿಂದ ಬೆಳೆಯುತ್ತಾ ಬಂದಿರುವಂಥದ್ದು, ಪ್ರೋಟಾನಿನ ಬೇರೂ ಅದೇ. ಅದೂ ಬೇಡವೆಂದರೆ ಲಿನಕ್ಸಿನೊಳಗೆ ಒಂದು ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೊಂದು ತೋರಿಕೆಯ ಕಂಪ್ಯೂಟರ್) ಮಾಡಿ, ಅಂತರಜಾಲದ ನಂಟಿಲ್ಲದ ಹಳೆಯ ವಿಂಡೋಸನ್ನು ಅದರಲ್ಲಿ ಇಟ್ಟುಕೊಳ್ಳಬಹುದು.

ಬದಿಯಡ್ಕ ಅಚ್ಚುಮೊಳೆ: "ಹಳೆಯ ವಿಂಡೋಸನ್ನು ಇಟ್ಟುಕೊಳ್ಳಬಹುದು." ಕೊನೆಗೂ ಒಪ್ಪಿಕೊಂಡಿರಿ.

ಕುಂಬಳೆ ಗಣಕಪ್ರಿಯ: ನಾನು ಏನನ್ನೂ ಒಪ್ಪಿಕೊಂಡಿಲ್ಲ. ಮೊದಲ ಬರಹದಲ್ಲೇ "ಮನೆಬಳಕೆಗೆ" ಎಂದಿದ್ದೇನೆ. ಮುದ್ರಣದ ಅಂಗಡಿಗೆ ಎಂದಿಲ್ಲ.

ಉಪ್ಪಳ ಆಟಗಾರ: ಆಟದ ಪ್ರಶ್ನೆಗೆ ಉತ್ತರ ಬಾಕಿ ಇದೆ ಎಂದು ನೆನಪಿಸುತ್ತೇನೆ. ಐದನೆಯ ತಲೆಮಾರಿನ ಐ5ರಲ್ಲಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಪ್ರೋಟಾನ್ ಹಾಕಿಕೊಂಡು ಅಣ್ಣ ಆಡುತ್ತಿರುವ ಆಟದ ಹೆಸರೇನು?

ನೀರ್ಚಾಲು ಮಾಷ್ಟ್ರು: ತಮ್ಮಾ, ಸ್ವಲ್ಪ ತಾಳು. ಅಚ್ಚುಮೊಳೆಯವರು ಕೀಲಿಮಣೆಯ ವಿಷಯದಲ್ಲಿ ಹೆದರುತ್ತಿರುವಂತೆ ತೋರುತ್ತದೆ, ಅದನ್ನು ಪರಿಹರಿಸಿಬಿಡುತ್ತೇನೆ. ತಾವು ನುಡಿ ತಂತ್ರಾಂಶದಲ್ಲಿ ಬಳಸುವ ಕೀಲಿವಿನ್ಯಾಸದ ಮೂಲ ಕಿನ್ನಿಕಂಬಳದ ಕೆ.ಪಿ. ರಾಯರದು, ಆ ಊರು ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅದೇ ವಿನ್ಯಾಸ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ "ಕಗಪ" ಎಂಬ ಹೆಸರಿನಿಂದಲೇ ಇದೆ. ಕನ್ನಡ ಗಣಕ ಪರಿಷತ್ತು ಎಂಬುದರ ಮೊದಲಕ್ಷರಗಳು ಅವು. ಹೊಸ ತಂತ್ರಾಂಶವನ್ನು ಇಳಿಸಿಕೊಳ್ಳುವ ಅಗತ್ಯವೂ ಇಲ್ಲ, ಸೆಟ್ಟಿಂಗಿಗೆ ಹೋಗಿ ಆರಿಸಿಕೊಂಡರಾಯಿತು. ತಮ್ಮ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ಬದಿಯಡ್ಕ ಅಚ್ಚುಮೊಳೆ: "ಹೆದರುತ್ತಿರುವಂತೆ" ಎಂಬ ಪದವನ್ನು ಮಾಷ್ಟ್ರು ಹಿಂತೆಗೆದುಕೊಳ್ಳಬೇಕು. ನಾನು ಮೊಳೆ ಜೋಡಿಸುವುದನ್ನು ಕಲಿತದ್ದು ತಂದೆಯವರ ಕೈಕೆಳಗೆ. ಅಲ್ಲಿಂದ ಕಂಪ್ಯೂಟರಿಗೆ ಬಂದವನು, ಒಂದು ಕೀಲಿಮಣೆಗೆ ಹೆದರುವವನಲ್ಲ. ತಾವು ಲಿನಕ್ಸ್ ಕಲಿಸಿದ ಮಕ್ಕಳೇ ಎಸ್‌ಎಸ್‌ಎಲ್‌ಸಿ ಮುಗಿಸಿ ಕೆಲಸದ ಅರ್ಜಿ ಮಾಡಿಸಲು ನನ್ನ ಅಂಗಡಿಗೆ ಬರುತ್ತಾರೆ, ಬಂದು ಕುಳಿತುಕೊಳ್ಳುವುದು ವಿಂಡೋಸಿನ ಮುಂದೆ. ಅದರ ಬಗ್ಗೆ ತಮ್ಮ ಪಠ್ಯದಲ್ಲಿ ಯಾವ ಅಧ್ಯಾಯವಿದೆ?

ನೀರ್ಚಾಲು ಮಾಷ್ಟ್ರು: "ಹೆದರುತ್ತಿರುವಂತೆ" ಎಂಬುದರ ಬದಲು "ಹಿಂಜರಿಯುತ್ತಿರುವಂತೆ" ಎಂದು ಓದಿಕೊಳ್ಳಬಹುದು. ಮಿಕ್ಕ ಮಾತುಗಳಿಗೆ ಬದ್ಧನಾಗಿದ್ದೇನೆ.

ಹೊಸೂರು ಓದುಗ: ಗಡಿಯ ಇನ್ನೊಂದು ಮೂಲೆಯಿಂದ ಒಂದು ಮಾತು. ತಮಿಳುನಾಡಿನಲ್ಲಿ ತಮಿಳ್99 ಎಂಬ ಕೀಲಿವಿನ್ಯಾಸವನ್ನು ಸರ್ಕಾರವೇ 1999ರಲ್ಲಿ ಒಪ್ಪಿ ಪ್ರಕಟಿಸಿತು. 2010ರಲ್ಲಿ ಯೂನಿಕೋಡನ್ನು ಅಧಿಕೃತಗೊಳಿಸಿತು. ನಮ್ಮ ಕಡೆ ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಪುಟದಲ್ಲಿ ಬರೆಯಬೇಕಾದ ಮನೆಗಳಿವೆ. ಫಾಂಟು ಬದಲಿಸಿದರೆ ಭಾಷೆಯೇ ಬದಲಾಗುವ ಹಳೆಯ ಪದ್ಧತಿಯಲ್ಲಿ ಅದು ದೊಡ್ಡ ತಲೆನೋವಾಗಿತ್ತು.

ಪೆರ್ಲ–ಬೆಂಗಳೂರು: ಹೊಸೂರಿನವರ ಮಾತು ನನ್ನ ವಾದವನ್ನೇ ಪುಷ್ಟೀಕರಿಸುತ್ತದೆ. ವಿಂಡೋಸ್ 11ರಲ್ಲಿ ಈ ಮೂರು ಭಾಷೆಗಳ ಕೀಲಿಮಣೆಗಳೂ ಇವೆ.

ಹೊಸೂರು ಓದುಗ: ನಾನು ವಿಂಡೋಸ್ ಎಂದು ಹೇಳಲೇ ಇಲ್ಲ.

ಕುಂಬಳೆ ಗಣಕಪ್ರಿಯ: ಪೆರ್ಲದವರ ವಿಸ್ತರಣೆಯ ಯೋಜನೆಗೆ ಉತ್ತರ: ಬ್ಯಾಕಪ್ ಕೊಟ್ಟು ಒಂದು ವರ್ಷದ ಉಸಿರು ಪಡೆದರೆ 2026ರ ಅಕ್ಟೋಬರಿನಲ್ಲಿ ಅದೇ ಅಂಗಡಿಯವರು ಅದೇ ಮಾತು ಹೇಳುತ್ತಾರೆ. ಉಪ್ಪಳದ ತಮ್ಮನಿಗೆ ಉತ್ತರ: ನಾನು ಆಡುವುದು 2004ರ ಹಾಫ್-ಲೈಫ್ 2. ಅದಕ್ಕೆ ಪ್ರೋಟಾನ್ ಕೂಡ ಬೇಡ, ಲಿನಕ್ಸಿಗೆಂದೇ ಆವೃತ್ತಿ ಇದೆ. ನನ್ನ 8 ಜಿಬಿ ರ‍್ಯಾಮ್‌ನಲ್ಲಿ ಅರ್ಧವೂ ಅದಕ್ಕೆ ಬೇಕಾಗುವುದಿಲ್ಲ.

ಉಪ್ಪಳ ಆಟಗಾರ: 2004! ನಾನು ಹುಟ್ಟುವ ಎರಡು ವರ್ಷ ಮೊದಲಿನದು. ಅದು ಅಚ್ಚುಮೊಳೆಯವರ ಉಪನಯನದ ಕಾಗದದಷ್ಟೇ ಹಳೆಯದು, ಅಣ್ಣ. ನನಗೆ ಇನ್ನು ಕೇಳುವುದೇನೂ ಇಲ್ಲ.

ಬದಿಯಡ್ಕ ಅಚ್ಚುಮೊಳೆ: ಒಂದು ನಿಮಿಷ. ಗಣಕಪ್ರಿಯರು ಈ ಸಲ "ರ‍್ಯಾಮ್" ಎಂದು ಬರೆದಿದ್ದಾರೆ, ಯಕಾರದ ಒತ್ತು ಸರಿಯಾದ ಜಾಗದಲ್ಲಿ ಕುಳಿತಿದೆ. ಇದನ್ನು ಬರೆದದ್ದು ಆ ಮಿಂಟ್ ಹಾಕಿದ ಲ್ಯಾಪ್‌ಟಾಪಿನಲ್ಲೇ?

ಕುಂಬಳೆ ಗಣಕಪ್ರಿಯ: ಅಲ್ಲ. ಕರೆಂಟು ಹೋಗಿದೆ, ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ, ಮೊಬೈಲಿನಲ್ಲಿ ಬರೆದೆ. ಆದರೆ ಆಂಡ್ರಾಯ್ಡಿನ ತಿರುಳೂ ಲಿನಕ್ಸೇ.