ಸ್ಟೆಪಿನ್ ಫೆಚಿಟ್ ದಾರಿ ತೆರೆದವನಾ, ಮಾನ ಕಳೆದವನಾ?

ಹಳೇರೀಲು: ನಿನ್ನೆ ಹಾಲಿವುಡ್ ಚಿತ್ರ 'ಜಡ್ಜ್ ಪ್ರೀಸ್ಟ್' (1934) ನೋಡಿದೆ. ಅದರಲ್ಲಿ ಅಮೆರಿಕದ ಕಪ್ಪು ನಟ ಸ್ಟೆಪಿನ್ ಫೆಚಿಟ್ ಕಾಲೆಳೆದು ನಡೆಯುತ್ತಾನೆ, ರಾಗ ಎಳೆದು ಮಾತಾಡುತ್ತಾನೆ. ಕಪ್ಪು ಜನ ಸೋಮಾರಿಗಳು ಎಂದು ಬಿಳಿಯರು ನಂಬಿದ್ದನ್ನೇ ಪರದೆ ಮೇಲೆ ಮಾಡಿ ತೋರಿಸಿದ. ಇವನನ್ನು ಕಪ್ಪು ನಟರಿಗೆ ದಾರಿ ತೆರೆದವನು ಅಂತ ಹೊಗಳುವುದು ನನಗೆ ಸಹಿಸಲಾಗುವುದಿಲ್ಲ.

ಸುಮಾ: "ಸೋಮಾರಿ" ಅನ್ನುವುದು ಪಾತ್ರ. ಸ್ಟೆಪಿನ್ ಫೆಚಿಟ್ ಅನ್ನುವುದು ವೇಷದ ಹೆಸರು, ಅದರ ಹಿಂದಿದ್ದವರು ಲಿಂಕನ್ ಪೆರ್ರಿ. ಕಪ್ಪು ಜನರ ಪತ್ರಿಕೆ 'ಚಿಕಾಗೋ ಡಿಫೆಂಡರ್'ಗೆ ಬರೆಯುತ್ತಿದ್ದವರು. ಕಪ್ಪು ನಟರಲ್ಲಿ ಮೊದಲ ಮಿಲಿಯನೇರ್. ಮೊದಲು ಏಕವಚನ ಬಿಡಿ.

ಲೆಕ್ಕದಮೇಷ್ಟ್ರು: "ಮಿಲಿಯನೇರ್" ಹೇಗಾಗುತ್ತಾರೆ? 1947ರಲ್ಲಿ ದಿವಾಳಿ ಅಂತ ಹೇಳಿಕೊಂಡಾಗ ತೋರಿಸಿದ ಆಸ್ತಿ 146 ಡಾಲರ್.

ಸುಮಾ: ಗಳಿಸಿದ್ದು ಬೇರೆ, ಉಳಿಸಿದ್ದು ಬೇರೆ ಸರ್. 1929ರಲ್ಲೇ ಫಾಕ್ಸ್ ಕಂಪನಿಯ 'ಹಾರ್ಟ್ಸ್ ಇನ್ ಡಿಕ್ಸಿ' ಚಿತ್ರದಲ್ಲಿ ಇದ್ದರು.

ಲೆಕ್ಕದಮೇಷ್ಟ್ರು: "ಉಳಿಸಿದ್ದು ಬೇರೆ" ಅಂತ ನೀವೇ ಅಂದಿರಿ. ಹಾಗಾದರೆ ಮಿಲಿಯನ್ ದುಡಿದವರು ಅನ್ನಿ. ಕೈಯಲ್ಲಿ ಇಲ್ಲದವರನ್ನು ಮಿಲಿಯನೇರ್ ಅನ್ನುವುದಿಲ್ಲ.

ಹಳೇರೀಲು: ದುಡಿದದ್ದು ಯಾರ ಮಾನ ಮಾರಿ?

ತುಂಗಾತೀರ: "ಮಾನ ಮಾರಿ" ಅಂತ ಬರೆಯಲು ಕೈ ಹೇಗೆ ಬಂತ್ರೀ? ಗುಲಾಮರು ಧಣಿಯ ಮುಂದೆ ಪೆದ್ದರ ಹಾಗೆ ನಟಿಸಿ ಕೆಲಸ ತಪ್ಪಿಸಿಕೊಳ್ಳುತ್ತಿದ್ದರು. ಅದು ಅವರ ಹೋರಾಟ. ಪೆರ್ರಿ ತೆರೆಗೆ ತಂದದ್ದು ಅದೇ ಆಟ.

ಹಳೇರೀಲು: "ಆಟ" ಅಂತೀರಿ. ಥಿಯೇಟರಿನಲ್ಲಿ ನಕ್ಕ ಬಿಳಿಯರಿಗೆ ಅದು ಆಟ ಅಂತ ಗೊತ್ತಿತ್ತಾ? ಅವರು ಮನೆಗೆ ಹೊತ್ತುಕೊಂಡು ಹೋದದ್ದು ಪೆದ್ದನನ್ನು ಮಾತ್ರ. 1968ರಲ್ಲಿ ಅಮೆರಿಕದ ಟಿವಿ ಕಂಪನಿ ಸಿಬಿಎಸ್‌ನ ಸಾಕ್ಷ್ಯಚಿತ್ರ ಇದನ್ನೇ ತೋರಿಸಿತು. ಪೆರ್ರಿ 30 ಲಕ್ಷ ಡಾಲರ್ ಕೇಳಿ ಕೇಸು ಹಾಕಿದ. 1974ರಲ್ಲಿ ಸೋತ.

ಲೆಕ್ಕದಮೇಷ್ಟ್ರು: ನೋಡಿ, 30 ಲಕ್ಷ ಪರಿಹಾರ ಕೇಳಿದ್ದು. ಮಿಲಿಯನೇರ್ ಆಗಿದ್ದರೆ ಕೇಳುತ್ತಿದ್ದರಾ?

ಸುಮಾ: ಮಾನ ಹೋಯಿತು ಅಂತ ಕೇಸು ಹಾಕಿದರು, ದುಡ್ಡಿಲ್ಲ ಅಂತ ಅಲ್ಲ! ಮೇಷ್ಟ್ರೇ, ಒಂದು ಪದ ಹಿಡಿದು ಎಷ್ಟು ಎಳೆಯುತ್ತೀರಿ?

ಲೆಕ್ಕದಮೇಷ್ಟ್ರು: ಪದ ನೀವು ಬಳಸಿದ್ದು ಮೇಡಂ. ತಪ್ಪಾಗಿ ಬಳಸಿದಿರಿ.

ತುಂಗಾತೀರ: "ಸೋತ" ಅಂದವರಿಗೆ ಒಂದು ಮಾತು. ಕೋರ್ಟಿನಲ್ಲಿ ಸೋತರೆ ಕಲೆಯಲ್ಲಿ ಸೋತ ಹಾಗಾ? 1976ರಲ್ಲಿ ಎನ್‌ಎಎಸಿಪಿಯ ಹಾಲಿವುಡ್ ಶಾಖೆಯೇ ಕರೆದು ಪ್ರಶಸ್ತಿ ಕೊಟ್ಟಿತು. ಕಪ್ಪು ಜನರ ಹಕ್ಕಿಗೆ ಹೋರಾಡುವ ಸಂಸ್ಥೆ ಅದು.

ಹಳೇರೀಲು: "ಶಾಖೆ" ಅಂತ ನೀವೇ ಬರೆದಿದ್ದೀರಿ. ಇಡೀ ಸಂಸ್ಥೆಯ ಮಾತು ಅಂತ ಹೇಗೆ ತೋರಿಸುತ್ತೀರಿ?

ತುಂಗಾತೀರ: ನಿಮಗೆ ಏನು ತೋರಿಸಿದರೂ ಸಾಲುವುದಿಲ್ಲ. 1930ರ ದಶಕದಲ್ಲಿ ಕಪ್ಪು ನಟನಿಗೆ ಆಳು, ಅಡುಗೆಯವಳು, ಕೂಲಿ ಬಿಟ್ಟು ಬೇರೆ ಯಾವ ಪಾತ್ರ ಕೊಡುತ್ತಿದ್ದರು ಹೇಳಿ. ಸಿಟ್ಟಿದ್ದರೆ ಸ್ಟುಡಿಯೋ ಮಾಲೀಕರ ಮೇಲೆ ಮಾಡಿ.

ಹಳೇರೀಲು: "ಬೇರೆ ಯಾವ ಪಾತ್ರ" ಅಂತ ಕೇಳಿದಿರಲ್ಲ, ಕಪ್ಪು ನಟ ಪಾಲ್ ರೋಬ್ಸನ್ 1933ರಲ್ಲೇ 'ದಿ ಎಂಪರರ್ ಜೋನ್ಸ್' ಚಿತ್ರದಲ್ಲಿ ನಾಯಕ.

ಸುಮಾ: ಅದು ದೊಡ್ಡ ಸ್ಟುಡಿಯೋ ತೆಗೆದ ಚಿತ್ರ ಅಲ್ಲ. ಸ್ವತಂತ್ರವಾಗಿ ತೆಗೆದದ್ದು. ಉದಾಹರಣೆ ಕೊಡುವಾಗ ಪೂರ್ತಿ ಹೇಳಿ.

ಲೆಕ್ಕದಮೇಷ್ಟ್ರು: ಪೂರ್ತಿ ಹೇಳಬೇಕು ಅನ್ನುವುದು ನಿಮಗೂ ಅನ್ವಯಿಸುತ್ತದೆ ಮೇಡಂ. ಮಿಲಿಯನ್ನಿನ ಲೆಕ್ಕ ಇನ್ನೂ ಬಂದಿಲ್ಲ.