ಸಹಾಯ ಬೇಕು: ಜನರೇ ಇಲ್ಲದ ಕೆಜಿಎಫ್ ಬಿಡಿಸಬೇಕು

ಎಲ್ಲರಿಗೂ ನಮಸ್ಕಾರ. ಒಂದು ಸೈನ್ಸ್ ಫಿಕ್ಷನ್ ಕಾಮಿಕ್ ಮಾಡುತ್ತಿದ್ದೇನೆ. ಭೂಮಿ ಮೇಲೆ ಬೆರಳೆಣಿಕೆಯಷ್ಟು ಜನ ಉಳಿದ ಕಾಲ. ಕಥೆ ನಡೆಯುವುದು ಕೋಲಾರದ ಚಿನ್ನದ ಗಣಿ ಊರಲ್ಲಿ. ಒಬ್ಬ ಅಜ್ಜಿ, ಮೊಮ್ಮಗಳು, ನಾಲ್ಕು ಮೇಕೆ, ಅಷ್ಟೇ.

2001ರಲ್ಲಿ ಗಣಿ ಮುಚ್ಚಿ ಪಂಪ್ ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿಕೊಂಡಿತು. ಚಾಂಪಿಯನ್ ರೀಫ್ ಗಣಿ ಅಂತೂ ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳ. ಆ ನೀರು ಕಥೆಗೆ ಸಿಕ್ಕಿತು. ತಲೆ ಕೆಡಿಸಿರುವುದು ಸಯನೈಡ್ ದಿಬ್ಬಗಳು, ಅಂದರೆ ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳು. ಇನ್ನೂರು ವರ್ಷ ಮಳೆ ಹೊಡೆದರೆ ಆ ಬೂದು ಮಣ್ಣು ಎಲ್ಲೆಲ್ಲಿ ಕೊರೆದು ಹೋಗುತ್ತದೆ? ಈಗ ಅದರ ಮೇಲೆ ಏನು ಬೆಳೆದಿದೆ, ಜಾಲಿಯಾ, ಲಂಟಾನಾನಾ? ಸುಮ್ನೆ ಹಸಿರು ಬಳಿದರೆ ಅಲ್ಲಿನವರು ನಗುತ್ತಾರೆ, ಅಲ್ವಾ?

ಶಾಫ್ಟ್ (ಗಣಿಗೆ ಇಳಿಯುವ ಬಾವಿಯಂಥ ದಾರಿ) ಮೇಲಿನ ಕಬ್ಬಿಣದ ಗೋಪುರ ಮೊದಲು ತುಕ್ಕು ತಿನ್ನುವುದು ಬುಡದಲ್ಲೋ, ಮೇಲಿನ ಚಕ್ರದ ಹತ್ತಿರವೋ? ಗಣಿಯಲ್ಲಿ ಕೆಲಸ ಮಾಡಿದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ಹೇಳಿ. ದಿಬ್ಬದ ಹತ್ತಿರದ ಫೋಟೋ ಇದ್ದರೆ ಇನ್ನೂ ಒಳ್ಳೆಯದು, ದೂರದಿಂದ ತೆಗೆದವು ಬೇಕಾದಷ್ಟಿವೆ. ಪೆನ್ಸಿಲ್ ಸ್ಕೆಚ್ ನೋಡಬೇಕು ಅನ್ನುವವರು ಕಾಮೆಂಟ್ ಹಾಕಿ, ಕಳಿಸುತ್ತೇನೆ.