ಸಾಲ್ಮನ್‌ಗೆ ಮಾಡಿದ ಡೌನ್‌ರಿಗ್ಗರ್ ಮಲ್ಪೆಯ ಅಂಜಲ್‌ಗೆ ಆಗುತ್ತದಾ? ಸ್ಟೀಲ್ ಕೇಬಲ್ ಇಡಬೇಕಾ, ಬ್ರೇಡ್ ಹಾಕಬೇಕಾ?

ಮಲ್ಪೆ_22ಅಡಿ:
ದೋಣಿ 22 ಅಡಿಯ ಎಫ್‌ಆರ್‌ಪಿ, 40 ಎಚ್‌ಪಿ ಔಟ್‌ಬೋರ್ಡ್. ಕೈಯಲ್ಲಿ ತಿರುಗಿಸುವ ಡೌನ್‌ರಿಗ್ಗರ್ (ಭಾರದ ಗುಂಡು ಇಳಿಸಿ ಗಾಳದ ದಾರವನ್ನು ಬೇಕಾದ ಆಳಕ್ಕೆ ಒಯ್ಯುವ ಸಾಧನ) ಒಂದು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕಿದೆ. ಅಮೆರಿಕದ ದೊಡ್ಡ ಸರೋವರಗಳಲ್ಲಿ ಸಾಲ್ಮನ್ ಹಿಡಿಯಲು ಬಳಸುವಂಥದ್ದು. 150 ಪೌಂಡ್ ಎಳೆತ ತಾಳುವ ಸ್ಟೀಲ್ ಕೇಬಲ್ 60 ಮೀಟರ್ ಉಂಟು, 8 ಪೌಂಡಿನ ಸೀಸದ ಗುಂಡು, ಗಾಳದ ದಾರವನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಒತ್ತಿ ಹಿಡಿದು, ಮೀನು ಕಚ್ಚಿದಾಗ ಬಿಡುವ ರಿಲೀಸ್ ಕ್ಲಿಪ್. ರೀಲಿನಲ್ಲಿ 30 ಪೌಂಡಿನ ಬ್ರೇಡ್ (ಹೆಣೆದ ದಾರ).

ಸೇಂಟ್ ಮೇರೀಸ್ ದ್ವೀಪದಿಂದ ಪಡುವಣಕ್ಕೆ, 20ರಿಂದ 30 ಮೀಟರ್ ಆಳದಲ್ಲಿ ಅಂಜಲ್‌ಗೆ (ಸುರ್ಮಾಯಿ ಮೀನಿಗೆ) ಟ್ರೋಲ್ ಮಾಡಲು, ಅಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆಯಲು ಬೇಕು. ತೊಂದರೆ ಮೂರು. 4 ನಾಟ್‌ನಲ್ಲಿ ಹೋಗುವಾಗ ಬಿಟ್ಟ ಕೇಬಲ್ ಅಳೆಯುವ ಕೌಂಟರ್ 20 ಮೀಟರ್ ಅನ್ನುತ್ತದೆ, ಆದರೆ ಫಿಶ್ ಫೈಂಡರ್‌ನಲ್ಲಿ ಗುಂಡು ಕಾಣುವುದೇ ಇಲ್ಲ. ಕ್ಲಿಪ್‌ನಿಂದ ಬ್ರೇಡ್ ತಾನಾಗಿ ಜಾರುತ್ತದೆ, ಬಿಗಿ ಮಾಡಿದರೆ ಮೀನು ಕಚ್ಚಿದರೂ ಬಿಡುವುದಿಲ್ಲ. ಕೇಬಲ್ ಗುಂಯ್‌ಗುಡುತ್ತದೆ, ಒಂದೆರಡು ಕಡೆ ಎಳೆ ಬಿಟ್ಟಿದೆ. ಏನೇನು ಬದಲಿಸಬೇಕು?

ಪಡುಗಾಳಿ:
ಮೊದಲು ಆ ಸಾಮಾನು ಯಾವ ಕೆಲಸಕ್ಕೆ ಹುಟ್ಟಿದ್ದು ಎಂದು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮಿಚಿಗನ್ ಸರೋವರಕ್ಕೆ 1966ರಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಬಿಟ್ಟರು, ಮರುವರ್ಷ ಚಿನೂಕ್. ಬೇಸಗೆಯಲ್ಲಿ ಅಲ್ಲಿ ಮೇಲಿನ ನೀರು ಬಿಸಿಯಾಗಿ, ಕೆಳಗೆ ತಣ್ಣೀರಿನ ಪದರ ನಿಲ್ಲುತ್ತದೆ. ಚಿನೂಕ್‌ಗೆ ಇಷ್ಟ 12 ಡಿಗ್ರಿ ಆಸುಪಾಸಿನ ನೀರು. ಆ ಪದರದಲ್ಲಿ ಲ್ಯೂರ್ (ಕೃತಕ ಎರೆ) ಅನ್ನು ನಿಖರವಾಗಿ ನಿಲ್ಲಿಸಬೇಕು, ವೇಗ ಗಂಟೆಗೆ ಎರಡೂವರೆ ಮೈಲಿ ಅಂದರೆ 2.2 ನಾಟ್ ಇದ್ದರೆ ಸಾಕು. ಆ ವೇಗಕ್ಕೆ 8 ಪೌಂಡ್ ನಡೆಯುತ್ತದೆ.

ನೀವು ಅದನ್ನೇ 4 ನಾಟ್‌ನಲ್ಲಿ ಎಳೆಯುತ್ತಿದ್ದೀರಿ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಗುಂಡು, ಕೇಬಲ್ ಎರಡರ ಮೇಲೂ ಮೂರು ಪಟ್ಟಿಗಿಂತ ಹೆಚ್ಚು ಒತ್ತಡ ಬೀಳುತ್ತದೆ. ಗುಂಡು ದೋಣಿಯ ಹಿಂದಕ್ಕೆ ತೇಲಿ ಹೋಗುತ್ತದೆ. ಫೈಂಡರ್ ನೋಡುವುದು ದೋಣಿಯ ಅಡಿಯ ಶಂಕುವಿನಷ್ಟು ಜಾಗ ಮಾತ್ರ. ಅದರಿಂದ ಗುಂಡು ಆಚೆ ಹೋಯಿತು, ಹಾಗಾಗಿ ಕಾಣುವುದಿಲ್ಲ. ಯಂತ್ರ ಸರಿಯಾಗಿಯೇ ಇದೆ.

ಆಳ ಅಂದಾಜು ಮಾಡಲು ರಾಟೆಯ ಹತ್ತಿರ ಕೇಬಲ್ ಲಂಬದಿಂದ ಎಷ್ಟು ವಾಲಿದೆ ನೋಡಿ. ಶಾಲೆಯ ಕೋನಮಾಪಕಕ್ಕೆ ಒಂದು ನಟ್ ಕಟ್ಟಿ ತೂಗಿದರೆ ಸಾಕು. 30 ಮೀಟರ್ ಬಿಟ್ಟಿದ್ದು 30 ಡಿಗ್ರಿ ವಾಲಿದರೆ ಗುಂಡು ಸುಮಾರು 26 ಮೀಟರ್‌ನಲ್ಲಿ, 45 ಡಿಗ್ರಿ ವಾಲಿದರೆ 21 ಮೀಟರ್‌ನಲ್ಲಿ. ನಿಜವಾದ ಆಳ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಕೇಬಲ್ ನೇರ ಗೆರೆಯಲ್ಲ. ಮೇಲೆ ಹೆಚ್ಚು ವಾಲಿ, ಗುಂಡಿನ ಹತ್ತಿರ ನೆಟ್ಟಗಾಗುತ್ತಾ ಬರುತ್ತದೆ. ತಳದ ಹತ್ತಿರ ಆಡಿಸುವಾಗ ಈ ವ್ಯತ್ಯಾಸ ಮರೆತರೆ ಗುಂಡು ಕೆಸರಿಗೆ ಇಳಿಯುತ್ತದೆ.

ಆದ್ದರಿಂದ ಮೊದಲ ಬದಲಾವಣೆ ಗುಂಡು. 12 ಪೌಂಡ್, ಅಂದರೆ ಐದೂವರೆ ಕಿಲೋದ ಆಸುಪಾಸು ಇರಲಿ. ಇಲ್ಲಿ ಸೀಸದ ಗುಂಡು ಸಿಗದಿದ್ದರೆ ಕ್ರೀಡಾ ಸಾಮಾನಿನ ಅಂಗಡಿಯ 6 ಕಿಲೋ ಗುಂಡೆಸೆತದ ಕಬ್ಬಿಣದ ಗುಂಡು ನಡೆಯುತ್ತದೆ. ಲೆಕ್ಕ ಹೀಗೆ: 6 ಕಿಲೋ ಸೀಸ ಸಮುದ್ರದ ನೀರಿನಲ್ಲಿ ಸುಮಾರು 5.5 ಕಿಲೋ ತೂಗುತ್ತದೆ, ವ್ಯಾಸ 10 ಸೆಂ.ಮೀ. ಅಷ್ಟೇ ಕಬ್ಬಿಣ 5.2 ಕಿಲೋ ತೂಗುತ್ತದೆ, ವ್ಯಾಸ 11.4 ಸೆಂ.ಮೀ. ಎದುರು ಮೈ 30 ಪ್ರತಿಶತ ಹೆಚ್ಚು, ಅಷ್ಟು ಹೆಚ್ಚು ಹಿಂದೆ ತೇಲುತ್ತದೆ, ಆದರೂ ಪರವಾಗಿಲ್ಲ. ಸಿಮೆಂಟ್ ಗುಂಡು ಎರಕ ಹೊಯ್ಯುವ ಯೋಚನೆ ಬೇಡ. 6 ಕಿಲೋ ಸಿಮೆಂಟ್ ನೀರಿಗಿಳಿದರೆ ಮೂರೂವರೆ ಕಿಲೋ ಮಾತ್ರ.

ಕಬ್ಬಿಣದ ಗುಂಡಿಗೆ ಕೊಂಡಿ ವೆಲ್ಡ್ ಮಾಡಿಸಬೇಡಿ. ಎರಕದ ಕಬ್ಬಿಣವಾಗಿದ್ದರೆ ವೆಲ್ಡ್ ಬಿರಿಯುತ್ತದೆ, ಕೆಲವು ಗುಂಡುಗಳ ಒಳಗೆ ಸೀಸ ತುಂಬಿರುತ್ತದೆ. ತೂತು ಕೊರೆಯುವಾಗ ಸೀಸದ ಚೂರು ಬಂದರೆ ಅಲ್ಲೇ ನಿಲ್ಲಿಸಿ, ಬೇರೆ ಗುಂಡು ನೋಡಿ. ಗಟ್ಟಿ ಕಬ್ಬಿಣವಾದರೆ 10 ಮಿ.ಮೀ. ಕಣ್ಣಿನ ಬೋಲ್ಟ್‌ಗೆ ತಿರುಪಿನ ತೂತು ಕೊರೆಸಿ, ಎಪಾಕ್ಸಿ ಹಚ್ಚಿ ಬಿಗಿಯಿರಿ. ಸ್ಟೇನ್‌ಲೆಸ್ ಬೋಲ್ಟ್ ಸುತ್ತ ಉಪ್ಪುನೀರಿನಲ್ಲಿ ಕಬ್ಬಿಣವೇ ತಿಂದುಹೋಗುವುದು. ಆ ಜಾಗವನ್ನು ಪ್ರತಿ ಸಲ ನೋಡಿ.

ಬೆಂಗ್ರೆ_ಅಳಿವೆ:
ಕೇಬಲ್ ತೆಗೆದು ಬ್ರೇಡ್ ಹಾಕಿ. ಸಿಹಿನೀರಿನ ಸರೋವರದಲ್ಲಿ ಸ್ಟೀಲ್ ಎಷ್ಟೋ ವರ್ಷ ಬಾಳುತ್ತದೆ. ಇಲ್ಲಿ ಏಳೆಳೆ ಹೊಸೆದ ಕೇಬಲ್‌ನ ಒಳಗೆ ಉಪ್ಪು ಕೂತು, ಹೊರಗೆ ಹೊಳೆಯುತ್ತಿರುವಾಗಲೇ ಒಳಗಿನ ಎಳೆ ಕಡಿಯುತ್ತದೆ. ನಿಮ್ಮದು ಎಳೆ ಬಿಟ್ಟಿದೆ ಅಂದಿರಲ್ಲ, ಅದು ಇನ್ನು ನಂಬುವ ಕೇಬಲ್ ಅಲ್ಲ. ಬರಿಗೈಯಲ್ಲಿ ಮುಟ್ಟಲೇಬೇಡಿ, ಆ ಮುಳ್ಳು ಬೆರಳನ್ನು ಮೂಳೆಯವರೆಗೆ ಸೀಳುತ್ತದೆ. ಗುಂಯ್ ಸದ್ದೂ ಬ್ರೇಡ್‌ನಲ್ಲಿ ಬಹಳ ಕಡಿಮೆ.

ಪೆಸಿಫಿಕ್ ಕರಾವಳಿಯ ಸಾಲ್ಮನ್ ಟ್ರೋಲರ್‌ಗಳು ಸ್ಟೀಲ್ ಬಿಡದಿರಲು ಬೇರೆ ಕಾರಣ ಉಂಟು. ಅವರು ತಂತಿಯಲ್ಲಿ ಅರ್ಧ ವೋಲ್ಟ್ ಆಸುಪಾಸಿನ ವಿದ್ಯುತ್ ಇರಿಸಿಕೊಂಡು ಮೀನು ಸೆಳೆಯುತ್ತಾರೆ. ಅಂಜಲ್‌ಗೆ ಆ ಲೆಕ್ಕ ಬೇಕಿಲ್ಲ.

200ರಿಂದ 250 ಪೌಂಡಿನ ಡೌನ್‌ರಿಗ್ಗರ್ ಬ್ರೇಡ್ 60 ಮೀಟರ್ ಸಾಕು. ಹಾಕುವಾಗ ಈ ನಾಲ್ಕು ಜಾಗ ಗಮನಿಸಿ.

ಡ್ರಮ್: ಬ್ರೇಡ್ ನುಣುಪು, ಖಾಲಿ ಡ್ರಮ್ ಮೇಲೆ ಇಡೀ ಸುತ್ತೇ ಜಾರಿ ತಿರುಗುತ್ತದೆ. ಡ್ರಮ್‌ನ ತೂತಿನಲ್ಲಿ ತೂರಿಸಿ ಗಂಟು ಹಾಕಿ, ಮೊದಲ ಎರಡು ಸುತ್ತಿನ ಮೇಲೆ ಬಟ್ಟೆಯ ಟೇಪ್ ಅಂಟಿಸಿ. ಸುತ್ತುವಾಗ ಒದ್ದೆ ಮಾಡಿ, ಇನ್ನೊಬ್ಬರು ಬಿಗಿಯಾಗಿ ಹಿಡಿದಿರಲಿ. ಸಡಿಲ ಸುತ್ತಿದರೆ ಗುಂಡಿನ ಭಾರಕ್ಕೆ ಮೇಲಿನ ಸುತ್ತು ಕೆಳಗಿನದರೊಳಗೆ ಹೂತು ಸಿಕ್ಕಿಕೊಳ್ಳುತ್ತದೆ.

ಕೌಂಟರ್: ಕೇಬಲ್‌ಗೂ ಬ್ರೇಡ್‌ಗೂ ದಪ್ಪ ಬೇರೆಯಾದರೆ ಕೌಂಟರ್ ಸುಳ್ಳು ಹೇಳುತ್ತದೆ. ಜೆಟ್ಟಿಯ ಮೇಲೆ 20 ಮೀಟರ್ ಅಳೆದು ಬಿಟ್ಟು ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಕೆಳತುದಿ: ಕೇಬಲ್‌ಗೆ ಹಾಕುವ ಕ್ರಿಂಪ್ ಸ್ಲೀವ್ ಬ್ರೇಡ್‌ಗೆ ಬೇಡ, ಎಳೆ ಕತ್ತರಿಸುತ್ತದೆ. ಬ್ರೇಡ್ ಇಬ್ಬಗೆ ಮಡಚಿ ಪಾಲೊಮರ್ ಗಂಟಿನಲ್ಲಿ ಗಟ್ಟಿ ಸ್ನ್ಯಾಪ್‌ಗೆ ಕಟ್ಟಿ. ಗಂಟಿನ ಮೇಲೆ ಒಂದು ದಪ್ಪ ರಬ್ಬರ್ ಮಣಿ ಇರಲಿ, ಇಲ್ಲದಿದ್ದರೆ ಒಮ್ಮೆ ಮೈಮರೆತು ಸುತ್ತಿದಾಗ ಗಂಟು ರಾಟೆಗೆ ಬಡಿದು ಗುಂಡು ಸಮುದ್ರಕ್ಕೆ. ಪ್ರತಿ ಟ್ರಿಪ್‌ಗೆ ಕೊನೆಯ ಒಂದು ಮೀಟರ್ ಬೆರಳಲ್ಲಿ ಸವರಿ, ನಾರು ಎದ್ದಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಕಡಿಯುವ ಕೊಂಡಿ: ಇದನ್ನು ಯಾರೂ ಬಿಡಬಾರದು. ಸ್ನ್ಯಾಪ್ ಮತ್ತು ಗುಂಡಿನ ನಡುವೆ 100 ಪೌಂಡಿನ ಮೊನೊ (ಒಂಟಿ ಎಳೆಯ ನೈಲಾನ್ ದಾರ) ಒಂದು ಗೇಣು ಹಾಕಿ. ನಮ್ಮ ಕಡಲಿನಲ್ಲಿ ತಳದ ಬಂಡೆಗಿಂತ ಬಲೆಯದೇ ಹೆದರಿಕೆ. ಗುಂಡು ಪಟ್ಟೆಬಲೆಗೆ ಸಿಕ್ಕಿ 250 ಪೌಂಡಿನ ಬ್ರೇಡ್ ಕಡಿಯದಿದ್ದರೆ ದೋಣಿಯ ಅಂಚೇ ಕಿತ್ತು ಬರುತ್ತದೆ, ಇನ್ನೊಬ್ಬರ ಬಲೆಯೂ ಹರಿಯುತ್ತದೆ. ಮೊನೊ ಕಡಿದರೆ ಹೋಗುವುದು ಗುಂಡು ಮಾತ್ರ. ಬೆಳಗಿನ ಜಾವ ತೇಲುಬುರುಡೆ, ಬಾವುಟ ಕಂಡಲ್ಲಿ ಗುಂಡು ಮೇಲೆತ್ತಿ ಸುತ್ತು ಬಳಸಿ ಹೋಗಿ. ಬಲೆ ಹಾಕಿದವನ ಹೊಟ್ಟೆಪಾಡು ಅದು.

ಡ್ರಮ್‌ನ ಕ್ಲಚ್ಚನ್ನೂ ಗುಂಡಿನ ಭಾರಕ್ಕಿಂತ ಚೂರೇ ಹೆಚ್ಚಿಗೆ ಬಿಗಿ ಮಾಡಿ. ಕೈಯಿಂದ ಗುಂಡನ್ನು ಜೋರಾಗಿ ಜಗ್ಗಿದರೆ ಡ್ರಮ್ ಜಾರಬೇಕು. ಬುಡದ ಪ್ಲೇಟ್ ಅಡಿಗೆ 18 ಮಿ.ಮೀ. ಮೆರೈನ್ ಪ್ಲೈ, ನಾಲ್ಕು 316 ಸ್ಟೇನ್‌ಲೆಸ್ ಬೋಲ್ಟ್, ಅಗಲ ವಾಷರ್. ಬರೀ ಸ್ಕ್ರೂ ಹೊಡೆದರೆ ಫೈಬರ್ ಕಿತ್ತುಬರುತ್ತದೆ.

ಮಲ್ಪೆ_22ಅಡಿ:
ಬಹಳ ಉಪಕಾರ. ಕ್ಲಿಪ್ ವಿಷಯ ಮಾತ್ರ ಬಾಕಿ. ಮತ್ತೆ ಲ್ಯೂರ್ ಅನ್ನು ಗುಂಡಿನಿಂದ ಎಷ್ಟು ಹಿಂದೆ ಇಡಬೇಕು?

ಬಂಗುಡೆ_ಗಾಳ:
ಆ ಕ್ಲಿಪ್ಪಿನ ರಬ್ಬರ್ ಮಾಡಿರುವುದು ಮೊನೊ ದಾರಕ್ಕೆ. ಬ್ರೇಡ್ ಸಪೂರ, ಜಾರು. ಎರಡು ದಾರಿ ಉಂಟು.

ಒಂದು, ಬ್ರೇಡ್‌ನ ತುದಿಗೆ 40 ಪೌಂಡಿನ ಮೊನೊ 20 ಮೀಟರ್ ಎಫ್‌ಜಿ ಗಂಟಿನಲ್ಲಿ (ಬ್ರೇಡ್ ಅನ್ನು ಮೊನೊ ಮೇಲೆ ಹೆಣೆಯುವ ಗಂಟು) ಸೇರಿಸಿ. ಆಗ ಕ್ಲಿಪ್ ಕಚ್ಚುವುದು ಮೊನೊವನ್ನೇ. ಲ್ಯೂರ್ 12 ಮೀಟರ್ ಹಿಂದೆ ಬಿಟ್ಟರೂ ಗಂಟು ಕ್ಲಿಪ್‌ನಿಂದ ಮೇಲೆಯೇ ಇರುತ್ತದೆ.

ಎರಡು, ಅಂಗಡಿಯ ಸಾಮಾನ್ಯ ರಬ್ಬರ್ ಬ್ಯಾಂಡ್. ಬ್ಯಾಂಡ್ ಅನ್ನು ಬ್ರೇಡ್ ಮೇಲಿಟ್ಟು ಒಂದು ತುದಿಯನ್ನು ಇನ್ನೊಂದರೊಳಗೆ ಐದು ಸಲ ಸುತ್ತಿ ತೂರಿಸಿ, ಒದ್ದೆ ಮಾಡಿ ಬಿಗಿಯಾಗಿ ಎಳೆಯಿರಿ. ಉಳಿದ ಕುಣಿಕೆಯನ್ನು ಕ್ಲಿಪ್‌ನೊಳಗೆ ಆಳಕ್ಕೆ ಕಚ್ಚಿಸಿ. ಮೀನು ಹೊಡೆದಾಗ ಬ್ಯಾಂಡ್ ಹರಿಯುತ್ತದೆ. ಹರಿದ ತುಂಡು ರಾಡ್‌ನ ರಿಂಗಿಗೆ ಬಂದರೆ ಬೆರಳಲ್ಲಿ ಚಿವುಟಿ ತೆಗೆಯಿರಿ. ಬಿಸಿಲಿನಲ್ಲಿ ಬಿದ್ದ ಬ್ಯಾಂಡ್ ಬೇಡ, ಗುಂಡು ಇಳಿಯುವಾಗಲೇ ತುಂಡಾಗುತ್ತದೆ.

ಎರಡರಲ್ಲೂ ಎಷ್ಟು ಎಳೆತಕ್ಕೆ ಬಿಡುತ್ತದೆ ಎಂದು ದಡದಲ್ಲೇ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನೋಡಿ. 2 ಕಿಲೋದಿಂದ ಶುರು ಮಾಡಿ. ನೀರಿನಲ್ಲಿ ಲ್ಯೂರ್‌ನ ಎಳೆತಕ್ಕೇ ಬಿಟ್ಟರೆ ಸ್ವಲ್ಪ ಏರಿಸಿ. ರೀಲಿನ ಡ್ರ್ಯಾಗ್ (ದಾರ ಜಾರಲು ಬೇಕಾದ ಎಳೆತ) ಇದಕ್ಕಿಂತ ಒಂದು ಕಿಲೋ ಹೆಚ್ಚಿರಲಿ. ಇಲ್ಲದಿದ್ದರೆ ಲ್ಯೂರ್ ನೋಡಲು ಮೇಲಿನಿಂದ ಜಗ್ಗಿದಾಗ ಕ್ಲಿಪ್ ಬಿಡದೆ ರೀಲೇ ಜಾರುತ್ತದೆ.

ಇಳಿಸುವ ಕ್ರಮ: ದೋಣಿ ನಿಧಾನ ಮುಂದೆ ಹೋಗುತ್ತಿರಲಿ. ಲ್ಯೂರ್ 12 ಮೀಟರ್ ಹಿಂದೆ ಬಿಡಿ, ನೀರು ಕಲಕಿದ್ದರೆ 6 ಸಾಕು. ಕ್ಲಿಪ್ ಕಚ್ಚಿಸಿ, ರೀಲ್ ಬಿಚ್ಚಿ ಹೆಬ್ಬೆರಳಿಟ್ಟು ಗುಂಡನ್ನು ಮೆಲ್ಲ ಇಳಿಸಿ. ದಡಕ್ಕನೆ ಬಿಟ್ಟರೆ ಲ್ಯೂರ್ ಗುಂಡಿನ ದಾರಕ್ಕೇ ಸುತ್ತಿಕೊಳ್ಳುತ್ತದೆ. ಆಳ ತಲುಪಿದ ಮೇಲೆ ರಾಡ್‌ನ ತುದಿ ಬಿಲ್ಲಿನಂತೆ ಬಾಗುವವರೆಗೆ ದಾರ ಸುತ್ತಿ. ಇದರಲ್ಲೇ ಗುಟ್ಟು: ಕ್ಲಿಪ್ ಬಿಟ್ಟ ಕ್ಷಣ ದಾರ ಸಡಿಲಾಗುತ್ತದೆ, ಬಾಗಿದ ರಾಡ್ ನೆಟ್ಟಗಾಗುತ್ತಾ ಆ ಸಡಿಲನ್ನು ಎತ್ತಿಕೊಳ್ಳುತ್ತದೆ. ಬಾಗಿಸದೆ ಬಿಟ್ಟರೆ ಗಾಳ ಕಚ್ಚುವ ಮೊದಲೇ ಅಂಜಲ್ ಉಗುಳುತ್ತದೆ.

ಸಾಲ್ಮನ್‌ನ ಫ್ಲೋರೊಕಾರ್ಬನ್ ಲೀಡರ್ (ಲ್ಯೂರ್‌ನ ಮುಂದಿನ ತುಂಡು ದಾರ) ಇಲ್ಲಿ ಎರಡು ನಿಮಿಷ ನಿಲ್ಲುವುದಿಲ್ಲ, ಅಂಜಲ್‌ನ ಹಲ್ಲು ಕತ್ತರಿಯಿದ್ದ ಹಾಗೆ. 7ನೇ ನಂಬರಿನ ಒಂಟಿ ಸ್ಟೀಲ್ ತಂತಿ 40 ಸೆಂ.ಮೀ., ಎರಡು ತುದಿಗೂ ಹೇವೈರ್ ಹೊಸೆತ (ತಂತಿಯನ್ನು ತಂತಿಗೇ ಸುತ್ತಿ ಕುಣಿಕೆ ಮಾಡುವುದು), ಮುಂದೆ ಸ್ವಿವೆಲ್ (ತಿರುಗುವ ಕೊಂಡಿ). ಮೀನಿನ ಎಳೆದಾಟದಲ್ಲಿ ತಂತಿ ಮಡಚಿದರೆ ನೆಟ್ಟಗೆ ಮಾಡಬೇಡಿ, ಬಿಸಾಡಿ. ಮಡಚಿದ ಜಾಗದಲ್ಲೇ ಮುಂದಿನ ಮೀನು ಕಡಿಯುತ್ತದೆ. ಸತ್ತ ಬಂಗುಡೆ ಹಾಕುವುದಾದರೆ ಬಾಯಿ ಹೊಲಿದು, ಮುಂದೆ ಒಂದು ಗಾಳ, ಬಾಲದ ಬಳಿ ತಂತಿಯಲ್ಲಿ ಇನ್ನೊಂದು. ಅಂಜಲ್ ಮೊದಲು ಕಡಿಯುವುದು ಬಾಲವನ್ನೇ. ಬಂಗುಡೆಗೆ 3 ನಾಟ್ ದಾಟಬೇಡಿ, ಅದು ಗಿರಗಿರ ತಿರುಗಿ ದಾರವೆಲ್ಲ ಹೊಸೆದುಹೋಗುತ್ತದೆ. ಸ್ಪೂನ್ ಆದರೆ 4 ನಾಟ್ ಸರಿ. ಮೂತಿಗೆ ದೊಡ್ಡ ತುಟಿಯಿರುವ ಆಳ ಇಳಿಯುವ ಲ್ಯೂರ್ ಮಾತ್ರ ಬೇಡ. ಅದರ ಸ್ವಂತ ಎಳೆತಕ್ಕೇ ಕ್ಲಿಪ್ ಬಿಡುತ್ತಿರುತ್ತದೆ.

ಪಡುಗಾಳಿ:
ಒಂದು ಸೇರಿಸುತ್ತೇನೆ. 5 ನಾಟ್‌ಗಿಂತ ವೇಗ ಬೇಕಾದರೆ ಡೌನ್‌ರಿಗ್ಗರ್ ಬಿಟ್ಟು ಡೈವಿಂಗ್ ಪ್ಲೇನರ್‌ಗೆ (ಎಳೆದಾಗ ನೀರಿನ ಒತ್ತಡಕ್ಕೆ ಕೆಳಕ್ಕೆ ಇಳಿಯುವ ಫಲಕ) ಬನ್ನಿ. ಅದು ವೇಗವನ್ನೇ ಆಳವಾಗಿ ತಿರುಗಿಸುತ್ತದೆ, ಗುಂಡು ಆ ವೇಗಕ್ಕೆ ಸೋಲುತ್ತದೆ. ಮೀನು ಕಚ್ಚಿದೊಡನೆ ಒಬ್ಬರು ಗುಂಡು ಮೇಲೆತ್ತಲಿ, ದೋಣಿ ನಿಲ್ಲಿಸಬೇಡಿ. ನಿಂತರೆ ಗುಂಡು ನೇರ ಕೆಳಗೆ ಬಂದು ಮೀನು ಅದರ ದಾರ ಸುತ್ತುತ್ತದೆ. ತಿರುವು ಯಾವಾಗಲೂ ಅಗಲ ಇರಲಿ. ಚುರುಕಾಗಿ ತಿರುಗಿಸಿದರೆ ಬ್ರೇಡ್ ದೋಣಿಯ ಅಡಿಗೆ ಹೋಗಿ ಪ್ರೊಪೆಲ್ಲರ್‌ಗೆ ಸಿಗಬಹುದು.

ಬೆಂಗ್ರೆ_ಅಳಿವೆ:
ಆಳದ ಬಗ್ಗೆ ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರ ನಿಷೇಧ ಮುಗಿದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಳಿದವರು ನೇರ ತಳಕ್ಕೆ ಗುಂಡು ಬಿಡುತ್ತಾರೆ. ಮಳೆಗಾಲದಲ್ಲಿ ನಮ್ಮ ತೀರಕ್ಕೆ ಕೆಳಗಿನ ತಣ್ಣೀರು ಏರಿಬರುತ್ತದೆ, ಆ ತಳದ ನೀರಿನಲ್ಲಿ ಅಕ್ಟೋಬರ್‌ವರೆಗೂ ಆಮ್ಲಜನಕ ತೀರಾ ಕಡಿಮೆ. ಅಲ್ಲಿ ಅಂಜಲ್ ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಫೈಂಡರ್‌ನಲ್ಲಿ ಬೂತಾಯಿ, ಬಂಗುಡೆಯ ಹಿಂಡು ಎಷ್ಟು ಆಳದಲ್ಲಿ ಕಾಣುತ್ತದೋ ನೋಡಿ, ಅದಕ್ಕಿಂತ ಒಂದು ಮಾರು ಮೇಲೆ ಲ್ಯೂರ್ ಓಡಿಸಿ. 20 ಮೀಟರ್ ನೀರಿನಲ್ಲಿ ಗುಂಡು 8ರಿಂದ 10 ಮೀಟರ್ ಇದ್ದರೆ ಹೆಚ್ಚಾಯಿತು. ಡಿಸೆಂಬರ್‌ನಿಂದ ಮುಂದೆ ಬೇಕಾದರೆ ತಳದ ಹತ್ತಿರ ಇಳಿಸಿ ನೋಡಿ, ಆದರೂ ಎರಡು ಮೀಟರ್ ಮೇಲೆಯೇ ನಿಲ್ಲಿಸಿ. ದ್ವೀಪದ ಸುತ್ತಲಿನ ಕಂಬಗಲ್ಲಿನ ಬಂಡೆ ನೀರಿನಡಿಗೂ ಉಂಟು, ಅಲ್ಲಿ ಹಿಂಡು ಕಂಡರೂ ಗುಂಡು ಇಳಿಸಬೇಡಿ, ಬರೀ ಮೇಲಿನ ದಾರ ಎಳೆಯಿರಿ.

ಮಲ್ಪೆ_22ಅಡಿ:
ಸರಿ. ಕೇಬಲ್ ತೆಗೆದು 250 ಪೌಂಡಿನ ಬ್ರೇಡ್, 6 ಕಿಲೋ ಗುಂಡು, 100 ಪೌಂಡಿನ ಮೊನೊ ಕೊಂಡಿ, ರೀಲಿಗೆ 20 ಮೀಟರ್ ಮೊನೊ. ಮೊದಲು ಜೆಟ್ಟಿಯಲ್ಲಿ ಕೌಂಟರ್ ಅಳೆದು, ಸ್ಪ್ರಿಂಗ್ ತಕ್ಕಡಿಯಲ್ಲಿ ಕ್ಲಿಪ್ ನೋಡಿ, ಕೋನದ ಲೆಕ್ಕವನ್ನು 2, 3, 4 ನಾಟ್‌ನಲ್ಲಿ ಬರೆದು ಇಲ್ಲೇ ಹಾಕುತ್ತೇನೆ.